ಹುಳು ಕದ್ದವನ ಮೇಕೆ

ಕೆಂಚಾರ್ಲಹಳ್ಳಿ ಕಡೆ ರೇಷ್ಮೆಹುಳುಗಳಿಗೆ ರೋಗ ಬಿದ್ದಿತ್ತು. ಮನೆಮನೆಯಿಂದ ಒಂದಷ್ಟು ಹುಳು ತಂದು ಪರೀಕ್ಷಿಸುವುದು ನನ್ನ ಕೆಲಸ. ರಾಮಕ್ಕ ಮಾತ್ರ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತರು.

“ಕೊಡಲ್ಲ ಕಣಪ್ಪ. ಈ ಮನೆಯಿಂದ ಒಬ್ಬ ತಗೊಂಡ್ಹೋಗಿದ್ದೇ ಸಾಕು.”

“ಯಾರಮ್ಮ?”

“ಕಳ್ಳ. ನಮ್ಮತ್ತೆ ಕಾಲದ್ದು. ಎರಡು ತಟ್ಟೆ ಹುಳ ಹೊತ್ಕೊಂಡು ಹೋದ. ಚೆನ್ನಾಗಿ ಮೇಯೋ ಹುಳ. ಅವನಿಗೆ ತೋಟ ಎಲ್ಲಿತ್ತು? ಮಾರನೇ ದಿನ ಇಲ್ಲಿಗೇ ಬಂದು ಹಿಪ್ಪುನೇರಳೆ ಸೊಪ್ಪು ಕೇಳ್ದ, ಮೇಕೆಗೆ ಅಂತ.”

“ಪೊಲೀಸರಿಗೆ ಹಿಡಿದುಕೊಟ್ಟರಾ?”

“ಅಯ್ಯೋ, ಆಮೇಲೆ ಹುಳ ಮೇಯಿಸೋರ್ಯಾರು? ನಮ್ಮತ್ತೆ ದಿನಾ ಒಂದು ಹೊರೆ ಸೊಪ್ಪು ಕೊಟ್ಟು, ‘ಮೇಕೆ ಚೆನ್ನಾಗೈತಾ?’ ಅಂತ ವಿಚಾರಿಸೋರು. ಹುಳ ಗೂಡು ಕಟ್ಟಿದ ಮೇಲೆ ಬುಟ್ಟಿ ತಗೊಂಡು ಅವನ ಮನೆಗೇ ಹೋಗಿ, ‘ಹಾಲು ಕರ್ಯಕ್ಕೆ ಬಂದೆ’ ಅಂದ್ರಂತೆ. ಗೂಡೆಲ್ಲ ಬಿಡಿಸಿ, ಬುಟ್ಟೀನ ಅವನ ತಲೆ ಮೇಲೇ ಹೊರಿಸ್ಕೊಂಡು ಬಂದ್ರು.”

ರೋಗವಿದ್ದರೆ ಇಡೀ ಬೆಳೆಯೇ ಹೋಗುತ್ತದೆ ಎಂದು ನಾನು ಮತ್ತೆ ವಿವರಿಸಿದೆ. ರಾಮಕ್ಕ ಯೋಚಿಸಿ, ನಾಲ್ಕೈದು ಹುಳು ಆರಿಸಿ ನನ್ನ ಡಬ್ಬಿಗೆ ಹಾಕಿದರು. ಬೈಕಿಗೆ ಒಂದು ಹೊರೆ ಸೊಪ್ಪನ್ನೂ ಕಟ್ಟಿದರು.

“ಹೊತ್ತೊತ್ತಿಗೆ ಹಾಕಪ್ಪ. ಗೂಡಾದಾಗ ಬರ್ತೀನಿ.”

ಪರೀಕ್ಷೆಗೆ ಹುಳುಗಳನ್ನು ಅರೆಯುತ್ತೇವೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಅವರ ಹುಳುಗಳಿಗೆ ರೋಗವಿರಲಿಲ್ಲ. ಫೋನ್ ಮಾಡಿ ತಿಳಿಸಿದಾಗ ರಾಮಕ್ಕ ನೆಮ್ಮದಿಯ ಉಸಿರು ಬಿಟ್ಟು, “ನಿನ್ನ ಹತ್ರ ಇರೋವು ಹೆಂಗವೆ?” ಎಂದರು.

“ಚೆನ್ನಾಗಿ ಮೇಯ್ತಾ ಇವೆ” ಎಂದುಬಿಟ್ಟೆ.

ಅಂದಿನಿಂದ ದಿನಾ ಚಿಂತಾಮಣಿ ಬಸ್ಸಿನಲ್ಲಿ ನನ್ನ ಹೆಸರಿಗೆ ಒಂದು ಕಟ್ಟು ಸೊಪ್ಪು ಬರುತ್ತಿದೆ. ಬುಟ್ಟಿ ಯಾವತ್ತು ಬರುತ್ತದೋ ಗೊತ್ತಿಲ್ಲ. ನಮ್ಮ ಆಫೀಸಿನ ಪಕ್ಕದ ಮನೆಯ ಮೇಕೆಯಂತೂ ಚೆನ್ನಾಗಿದೆ.