ನಲ್ಲಿಯ ಪಕ್ಕದ ಅರ್ಧ ಇಟ್ಟಿಗೆ

ಈಗ ನಾವು ಬಂಗಾರಪೇಟೆಯಲ್ಲಿದ್ದೇವೆ. ಮದುವೆಯಾದ ಮೇಲೆ ಇದು ಆರನೆಯ ಮನೆ. ಗಂಡನ ಕೆಲಸ ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತದೆ. ಹರಿಹರ, ಭದ್ರಾವತಿ, ತೋರಣಗಲ್ಲು, ದೊಡ್ಡಬಳ್ಳಾಪುರ, ಆಮೇಲೆ ಉರಿಗಾಂ. ಎಲ್ಲ ಊರುಗಳನ್ನೂ ಪ್ರೀತಿಸಿದೆ ಎಂದರೆ ಜನ ನಂಬುವುದಿಲ್ಲ. ನಾನೂ ಪೂರ್ತಿ ನಂಬುವುದಿಲ್ಲ. ಬಿಟ್ಟುಬಂದ ಊರು ನೆನಪಿನೊಳಗೆ ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟು ನಿಲ್ಲುತ್ತದೆ. ಹಾಗಾಗಿ ಉರಿಗಾಂ ಬಗ್ಗೆ ಬರೆಯುವಾಗ ಅಲ್ಲಿ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ತಪ್ಪನ್ನು ನೆನಪು ಅಷ್ಟಾಗಿ ಸಿಂಗರಿಸುವುದಿಲ್ಲ.

ಹೊಸ ಊರನ್ನು ನನ್ನದು ಮಾಡಿಕೊಳ್ಳಲು ನನಗೊಂದು ದಾರಿಯಿತ್ತು. ಪೆಟ್ಟಿಗೆ ಬಿಚ್ಚುವ ಮೊದಲು ಗುಡಿಸುವುದು. ಮನೆಯೊಳಗಲ್ಲ, ಹೊರಗೆ, ಬೀದಿಯನ್ನು. ಗುಡಿಸಿದಷ್ಟು ನೆಲ ನನ್ನದು ಅನ್ನಿಸುತ್ತಿತ್ತು. ನಾಲ್ಕು ಊರುಗಳಲ್ಲಿ ಇದು ಫಲಿಸಿತ್ತು.

ಉರಿಗಾಂನಲ್ಲಿ ಸಿಕ್ಕಿದ್ದು ಗಣಿ ಕೆಲಸಗಾರರ ಹಳೆಯ ಲೈನ್ ಮನೆ. ಗೋಡೆಗೆ ಗೋಡೆ ಅಂಟಿದ ಮನೆಗಳು, ಸಾಲಿನ ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ಬಂದ ಮರುದಿನ ಶನಿವಾರ. ಲೈನಿನ ಹೆಂಗಸರೆಲ್ಲ ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಗಿನ ರೈಲು ಹಿಡಿದು ಹೋಗಿದ್ದರು, ಪಕ್ಕದ ಮನೆಗೂ ಬೀಗ ಬಿದ್ದಿತ್ತು. ನಾನು ನಮ್ಮ ಬಾಗಿಲಿನಿಂದ ಗುಡಿಸುತ್ತಾ ನಲ್ಲಿಯವರೆಗೆ ಹೋದೆ. ಅಲ್ಲಿ ಕಸ ಬಿದ್ದಿತ್ತು: ತಲೆಯಿಲ್ಲದ ಗೊಂಬೆ, ತೆಂಗಿನ ಚಿಪ್ಪು, ಒಂಟಿ ಚಪ್ಪಲಿ, ಹಿಡಿ ಮುರಿದ ಕುಕ್ಕರು, ಸುಣ್ಣದ ಗುರುತಿದ್ದ ಕಲ್ಲು, ಒಡೆದ ನೀಲಿ ಬಕೆಟ್ಟು. ಆರಲ್ಲ, ಎಂಟಿದ್ದವು ಅನ್ನುತ್ತಾಳೆ ಮಗಳು. ಇರಬಹುದು. ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಕಸದ ಟ್ರ್ಯಾಕ್ಟರಿಗೆ ಕೊಟ್ಟು, ಹೆಮ್ಮೆಯಿಂದ ಕೈ ತೊಳೆದೆ.

ಭಾನುವಾರ ನೀರು ಬಂತು. ಹತ್ತು ದಿನಕ್ಕೊಮ್ಮೆ ಬರುವ ನೀರು. ಹೆಂಗಸರು ಬಿಂದಿಗೆ ಹಿಡಿದು ಬಂದವರು ನಲ್ಲಿಯ ಮುಂದೆ ದಿಕ್ಕು ತೋಚದೆ ನಿಂತರು.

"ನನ್ ಬಕೆಟ್ ಎಲ್ಲಮ್ಮಾ ಓಯ್ತು?" ಅಂದಳು ಪಕ್ಕದ ಮನೆಯ ಅಜ್ಜಿ.

"ಅಯ್ಯೋ ಸಾಮಿ, ಸಾಲೇ ಇಲ್ವಲ್ಲಾ!" ಅಂದಳು ಇನ್ನೊಬ್ಬಳು.

ಕಸ ಎಂದುಕೊಂಡು ನಾನೇ ಎತ್ತಿ ಹಾಕಿದೆ ಅಂದೆ.

"ಕಸನಾ? ಅದು ನನ್ ಗಂಡನ್ ಚಪ್ಪಲಿ ಕಣಮ್ಮಾ," ಅಂದಳು ಎದುರು ಮನೆಯ ಅಕ್ಕ. "ಆವಯ್ಯನ್ನ ಕಸ ಅನ್ನು, ಒಪ್ಕೊಂತೀನಿ. ಚಪ್ಪಲೀನ ಅನ್ಬೇಡ."

ಆಗ ತಿಳಿಯಿತು. ಈ ಸಲ ನೀರು ಸಿಗದೆ ಹೋದವರಿಗೆ ಮುಂದಿನ ಸಲ ಮೊದಲ ಸರದಿ. ಹತ್ತು ದಿನ ಆ ಸರದಿ ಕಾಯುವುದು ಮನೆಯವರಲ್ಲ, ಅವರು ಇಟ್ಟ ಮುರುಕು ವಸ್ತು. ನಾನು ಗುಡಿಸಿದ್ದು ಇಡೀ ಲೈನಿನ ಸರದಿಯನ್ನೇ.

ಜಗಳ ಶುರುವಾಯಿತು. ಬಕೆಟ್ಟು ಮೊದಲಿತ್ತು ಎಂದು ಅಜ್ಜಿ, ಕಲ್ಲು ಎಂದು ಇನ್ನೊಬ್ಬಳು. ಇಬ್ಬರೂ ದೇವರಾಣೆ ಮಾಡಿದರು, ಇಬ್ಬರೂ ಸುಳ್ಳು ಹೇಳುವವರಲ್ಲ. ನೀರು ಸುಮ್ಮನೆ ಚರಂಡಿಗೆ ಹರಿಯುತ್ತಿತ್ತು. ಕೊನೆಗೆ ಅಜ್ಜಿಯೇ ಬಿಂದಿಗೆಯನ್ನು ನೆಲಕ್ಕೆ ಕುಕ್ಕಿದಳು.

"ಎಲ್ಲಾ ಬಾಯ್ ಮುಚ್ರೀ! ಎತ್ತಿದೋಳು ಇವಳು. ಯಾವ್ದು ಮೊದ್ಲಿತ್ತು, ಯಾವ್ದು ಆಮೇಲೆ, ಇವಳೇ ಏಳ್ಲಿ."

ಊರಿಗೆ ಬಂದು ಎರಡು ದಿನವಾಗದ ನಾನು ಸಾಕ್ಷಿ! ತಪ್ಪು ಹೇಳಿದರೆ ಯಾರದೋ ಮನೆಯಲ್ಲಿ ಇನ್ನೂ ಹತ್ತು ದಿನ ನೀರಿರುವುದಿಲ್ಲ, ನಮಗೆ ಆ ಲೈನಿನಲ್ಲಿ ಮುಖವಿರುವುದಿಲ್ಲ. ಕಣ್ಣು ಮುಚ್ಚಿದೆ. ನಾನು ಮನೆಯ ಕಡೆಯಿಂದ ಗುಡಿಸುತ್ತಾ ಹೋಗಿದ್ದೆ. ಅಂದರೆ ಮೊದಲು ಎತ್ತಿದ್ದು ಸಾಲಿನ ಬಾಲ, ಕೊನೆಗೆ ಎತ್ತಿದ್ದು ತಲೆ. ತಿರುಗಿಸಿ ಹೇಳಿದೆ: ಬಕೆಟ್ಟು, ಕಲ್ಲು... ಅಲ್ಲಿ ನಿಂತೆ. ಮುಂದಿನದು ಕುಕ್ಕರೋ ಚಪ್ಪಲಿಯೋ? ಕೈಗೆ ಎರಡರ ಭಾರವೂ ನೆನಪಿತ್ತು, ಕ್ರಮ ನೆನಪಿರಲಿಲ್ಲ. ಏನಾದರೊಂದು ಹೇಳಿಬಿಡಬಹುದಿತ್ತು. ಯಾರೂ ಪರೀಕ್ಷಿಸಲಾರರು.

"ಇವೆರಡು ನನಗೆ ಗೊತ್ತಿಲ್ಲ," ಅಂದೆ. "ಚಿಪ್ಪು, ಗೊಂಬೆ ಆಮೇಲೆ. ಅದು ಖಂಡಿತ."

ಎದುರು ಮನೆಯ ಅಕ್ಕ ಕುಕ್ಕರಿನ ಒಡತಿಯನ್ನು ನೋಡಿದಳು. "ಬಾರೇ, ಒಂದ್ ಬಿಂದಿಗೆ ನೀನು, ಒಂದ್ ಬಿಂದಿಗೆ ನಾನು. ಇವಳು ಕಸ ಬಳಿದ್ರೂ ಸುಳ್ ಬಳೀಲಿಲ್ಲ."

ನಮ್ಮ ಸರದಿ ಎಲ್ಲರಿಗಿಂತ ಕೊನೆ. ಅಷ್ಟರಲ್ಲಿ ನೀರು ದಾರದಷ್ಟಾಗಿತ್ತು. ಅರ್ಧ ಬಿಂದಿಗೆ ತುಂಬಿತು.

"ನಿಂದೂ ಏನಾರ ಒಂದ್ ಮಡಗು," ಅಂದಳು ಅಜ್ಜಿ.

ಓಡಿಹೋಗಿ ಸ್ಟೀಲ್ ತಟ್ಟೆ ತಂದೆ. ಎಲ್ಲರೂ ನಕ್ಕರು.

"ಒಳ್ಳೇದ್ ಮಡಗಿದ್ರೆ ಯಾವನಾದ್ರೂ ಎತ್ಕೊಂಡೋಯ್ತಾನೆ. ಕೆಲ್ಸಕ್ ಬಾರದ್ದು ತಗೊಂಬಾ."

ಮನೆಯೆಲ್ಲ ಹುಡುಕಿದೆ. ಕೆಲಸಕ್ಕೆ ಬಾರದ್ದು ಒಂದೂ ಇರಲಿಲ್ಲ. ಪದೇ ಪದೇ ಮನೆ ಖಾಲಿ ಮಾಡುವವರು ಒಡೆದದ್ದನ್ನು ಲಾರಿಗೆ ಏರಿಸುವುದಿಲ್ಲ. ನಮ್ಮ ಸಂಸಾರ ಎಷ್ಟು ಅಚ್ಚುಕಟ್ಟಾಗಿದೆ ಎಂದು ನಾನು ಬೀಗುತ್ತಿದ್ದೆ. ಅಂದು ಬರಿಗೈಯಲ್ಲಿ ಹೊರಗೆ ಬಂದಾಗ ಮೊದಲ ಬಾರಿಗೆ ನಾಚಿಕೆಯಾಯಿತು. ಎಲ್ಲಿಯೂ ಒಂದು ವಸ್ತು ಹಳೆಯದಾಗಿ ಮುರಿಯುವಷ್ಟು ಕಾಲ ನಾವು ನಿಂತಿರಲಿಲ್ಲ.

ಅಜ್ಜಿ ತನ್ನ ಮೆಟ್ಟಿಲ ಬುಡದಿಂದ ಅರ್ಧ ಇಟ್ಟಿಗೆ ಕಿತ್ತು ತಂದಳು. "ತಗಾ. ಐದ್ ಊರ್ ಸುತ್ತವ್ಳೆ, ಒಡ್ದಿರೋ ಒಂದ್ ಪಾತ್ರೆ ಇಲ್ಲ. ಎಂಥ ಸಂಸಾರಾನಮ್ಮಾ ನಿಂದು!"

ಆ ಕ್ಷಣದಿಂದ ಉರಿಗಾಂ ನನ್ನದಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆಗಲಿಲ್ಲ. ವಾರವೆಲ್ಲ ತಲೆ ತಗ್ಗಿಸಿಯೇ ಓಡಾಡಿದೆ, ಇಟ್ಟಿಗೆ ಇದೆಯೇ ಎಂದು ದಿನಕ್ಕೆರಡು ಸಲ ನೋಡಿಬಂದೆ.

ಮುಂದಿನ ಸಲ ನೀರು ಬಂದ ದಿನ ನಾನು ಲೈನಿನಲ್ಲಿರಲಿಲ್ಲ. ಮಗಳ ಆಧಾರ್ ಕಾರ್ಡಿನಲ್ಲಿ ಮತ್ತೊಮ್ಮೆ ವಿಳಾಸ ಬದಲಿಸಲು ಅವಳೊಂದಿಗೆ ಬಂಗಾರಪೇಟೆಗೆ ಹೋಗಿದ್ದೆ. ಸಂಜೆಯ ರೈಲಿನಲ್ಲಿ ವಾಪಸು ಬಂದು ಇಳಿದಾಗ ಸ್ಟೇಷನ್ನಿನಲ್ಲೇ ಯಾರೋ ಹೇಳಿದರು, ನೀರು ಬಂದು ನಿಂತೂ ಹೋಯಿತಂತೆ. ಇನ್ನು ಹತ್ತು ದಿನ ಏನು ಮಾಡುವುದು ಎಂದು ಲೆಕ್ಕ ಹಾಕುತ್ತಾ ಮನೆಗೆ ಬಂದೆ.

ಬಾಗಿಲ ಮುಂದೆ ತುಂಬಿದ ನಾಲ್ಕು ಬಿಂದಿಗೆಗಳು. ಒಂದೂ ನಮ್ಮದಲ್ಲ.

"ನಾನು ಇರಲೇ ಇಲ್ವಲ್ಲ ಅಜ್ಜಿ," ಅಂದೆ.

ಅಜ್ಜಿ ಸೊಪ್ಪು ಬಿಡಿಸುತ್ತಾ ತನ್ನ ಮೆಟ್ಟಿಲ ಮೇಲೆ ಕೂತಿದ್ದಳು. ತಲೆಯೆತ್ತಲಿಲ್ಲ. "ನಿನ್ ಇಟ್ಟಿಗೆ ಇತ್ತಲ್ಲ, ಸಾಕು. ಬಿರ್ರನೆ ಖಾಲಿ ಮಾಡ್ಕೊಡು, ಬಿಂದಿಗೆ ನಂಗ್ ಬೇಕು."