ಕಾಲು ಎತ್ತಿದಾಗ ಚಪ್ಪಾಳೆ

ಅವರ ಎಡ ಹೆಗಲು ಬಲ ಹೆಗಲಿಗಿಂತ ಒಂದು ಅಂಗುಲ ಕೆಳಗಿತ್ತು. ನಲವತ್ತು ವರ್ಷ ಮದುವೆ ಮೆರವಣಿಗೆಗಳಲ್ಲಿ ಡ್ರಮ್ ಹೊತ್ತು ನಡೆದ ಗುರುತು ಅದು. ಕಲಬುರಗಿಯ ಮೋಮಿನಪುರದ ಆ ಬ್ಯಾಂಡ್ ಮಾಸ್ತರರು ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಮೊದಲ ಸಲ ಬಂದದ್ದು ಯಾರೂ ಕರೆಯದೆ.

ನನ್ನ ಮೊಮ್ಮಗಳು ಮತ್ತು ಅವಳ ನಾಲ್ವರು ಗೆಳೆಯರು ನಮ್ಮ ಕಾರ್ ಶೆಡ್ಡಿನಲ್ಲಿ ರೆಗ್ಗೆ, ಪಾಪ್ ಹಾಡುಗಳ ಅಭ್ಯಾಸ ಮಾಡುತ್ತಿದ್ದರು. ನಾನು ನಿವೃತ್ತ ಡ್ರಿಲ್ ಮಾಸ್ತರ. ಐದಕ್ಕೆ ಶುರು, ಆರೂವರೆಗೆ ಬಂದ್ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದೆ. ಹಾಡು ಕನ್ನಡದ್ದು, ಅವರೇ ಬರೆದದ್ದು. ರೆಗ್ಗೆಯ ತಾಳ ಜಮೈಕಾದ್ದು. ಮೊದಲ ಪೆಟ್ಟು ಹಗುರ, ಭಾರವೆಲ್ಲ ನಂತರದ್ದರ ಮೇಲೆ. ಡ್ರಮ್ ಬಾರಿಸುವ ಮೊಮ್ಮಗಳ ಕೈಗೆ ಅದು ಹತ್ತುತ್ತಿರಲಿಲ್ಲ.

ಒಂದು ಸಂಜೆ ರಸ್ತೆಯಲ್ಲಿ ಹೋಗುತ್ತಿದ್ದ ಬ್ಯಾಂಡ್ ಮಾಸ್ತರರು ಅದನ್ನು ಕೇಳಿ, ಸೈಕಲ್ ನಿಲ್ಲಿಸಿ ಒಳಗೆ ಬಂದರು.

"ಬೇಟಾ, ಇದು ನಮಗ ಹೊಸಾದಲ್ಲ. ಮದಿಮಗನ ಕುದ್ರಿ ಹೆದರಬಾರದಂತ ನಾವೂ ಮೊದಲ ಪೆಟ್ಟು ನುಂಗತಿದ್ವಿ. ನುಂಗು, ಆಮ್ಯಾಲ ಹೊಡಿ."

"ಇಲ್ಲಿ ಕುದ್ರಿ ಎಲ್ಲದ, ಚಾಚಾ?"

"ಅಲ್ಲೇ ನಿಂತಾರಲ್ಲ, ನಿಮ್ಮ ಅಜ್ಜಾರು! ಹೆದರಸಬ್ಯಾಡ."

ಅಂದಿನಿಂದ ಪ್ರತಿ ಸಂಜೆ ಐದಕ್ಕೆ ಐದು ನಿಮಿಷ ಮುಂಚೆ ಅವರು ಹಾಜರು. ಅದಕ್ಕೇ ನನಗೆ ಹಿಡಿಸಿದರು. ಚಹಾವನ್ನು ಬಸಿಗೆ ಸುರಿದುಕೊಂಡು, ಅಂಚಿಗೆ ಬೆರಳಿನಿಂದ ಎರಡು ಸಲ ತಟ್ಟಿ ಕುಡಿಯುವರು. ಹುಡುಗರು ತಪ್ಪಿದರೆ ಬೈಯುತ್ತಿರಲಿಲ್ಲ. ಚಪ್ಪಲಿ ಕಳಚಿ, ಬರಿಗಾಲಲ್ಲಿ ನೆಲ ತಟ್ಟಿ ತೋರಿಸುವರು.

ಕಮಲಾಪುರದ ಕಾಲೇಜು ಮೈದಾನದಲ್ಲಿ ಹುಡುಗರ ಮೊದಲ ದೊಡ್ಡ ಕಾರ್ಯಕ್ರಮ. ಹೈದರಾಬಾದಿನ ಸಂಗೀತೋತ್ಸವಕ್ಕೆ ತಂಡಗಳನ್ನು ಆರಿಸುವ ಇಬ್ಬರು ಮುಂದಿನ ಸಾಲಿನಲ್ಲಿದ್ದರು. ಅಂದು ಕೆಟ್ಟರೆ ಶೆಡ್ಡಿನಿಂದಾಚೆ ದಾರಿಯಿರಲಿಲ್ಲ. ಎರಡನೆಯದು ರೆಗ್ಗೆ ಹಾಡು. ಅದಕ್ಕೆ ಜನ ಒಬ್ಬೊಬ್ಬರು ಒಂದೊಂದು ಥರ ಚಪ್ಪಾಳೆ ಹಾಕತೊಡಗಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಕೈ ಮೇಲೆತ್ತಿ, ಕವಾಯತಿನಂತೆ ಎಡ-ಬಲ ಎಂದು ಇಡೀ ಮೈದಾನವನ್ನು ಒಂದೇ ಲಯಕ್ಕೆ ತಂದೆ. ಹೆಮ್ಮೆಯಿಂದ ವೇದಿಕೆಯತ್ತ ನೋಡಿದರೆ ಮೊಮ್ಮಗಳ ಮುಖ ಬಿಳಿಚಿಕೊಂಡಿತ್ತು. ನೂರಾರು ಕೈ ಮೊದಲ ಪೆಟ್ಟಿಗೇ ಬೀಳುತ್ತಿದ್ದವು. ಅವಳ ಕೈಯೂ ಅತ್ತಲೇ ಜಾರುತ್ತಿತ್ತು. ಗಿಟಾರು ಒಂದು ಕಡೆ, ಹಾಡು ಒಂದು ಕಡೆ.

ಬ್ಯಾಂಡ್ ಮಾಸ್ತರರು ಬಂದು ನನ್ನ ಎರಡೂ ಮಣಿಕಟ್ಟು ಹಿಡಿದರು.

"ಪರೇಡ್ ಬಂದ್ ಮಾಡ್ರಿ ಮಾಸ್ತರ್ ಸಾಬ್! ಕಾಲು ಇಟ್ಟಾಗ ಬ್ಯಾಡ, ಎತ್ತಿದಾಗ ಹೊಡೀರಿ."

"ಈಗ ಜನ ಕೇಳ್ತಾರೇನ್ರಿ?"

"ನಿಮ್ಮ ಕೈ ನೋಡಿ ಕೆಟ್ಟಾರ. ನಿಮ್ಮ ಕೈ ನೋಡೇ ಸುಧಾರಸ್ತಾರ."

ಇಬ್ಬರೂ ಜನರತ್ತ ತಿರುಗಿ ನಿಂತೆವು. ಅವರು ಕಾಲೆತ್ತಿದರು, ನಾನು ಚಪ್ಪಾಳೆ ತಟ್ಟಿದೆ. ಎರಡು ಸಾಲು ಹಿಂಬಾಲಿಸಿತು, ಆಮೇಲೆ ಹತ್ತು, ಆಮೇಲೆ ಮೈದಾನವೇ. ಬೆನ್ನ ಹಿಂದೆ ಡ್ರಮ್ ತನ್ನ ದಾರಿಗೆ ಮರಳಿದ್ದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಮತ್ತೆ ತಪ್ಪುತ್ತಿದ್ದೆ.

ಹುಡುಗರು ಹೈದರಾಬಾದಿಗೆ ಹೋದರು, ಅಲ್ಲಿಂದ ಪುಣೆ, ಮುಂಬೈ. ಈಗ ಕಲಬುರಗಿಯ ಆಟೋಗಳಲ್ಲೂ ಅವರ ಹಾಡು.

ಕಳೆದ ಚಳಿಗಾಲದಲ್ಲಿ ಬ್ಯಾಂಡ್ ಮಾಸ್ತರರು ತೀರಿಕೊಂಡರು. ಮೋಮಿನಪುರದ ಓಣಿಯಲ್ಲಿ ಅವರ ಮಗ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಅವರನ್ನು ಹೊತ್ತ ಜನಾಜಾಕ್ಕೆ ನಾನೂ ಎಡ ಹೆಗಲು ಕೊಟ್ಟೆ. ಸುತ್ತ ಕಲಿಮಾ ಪಠಿಸುವವರ ಮೆಲುದನಿ ಬಿಟ್ಟರೆ ಬೇರೆ ಸದ್ದಿಲ್ಲ. ನನ್ನ ಕಾಲು ರೂಢಿಯಂತೆ ಎಡ-ಬಲ ಎಣಿಸುತ್ತಿತ್ತು. ಆದರೆ ಎದೆಯೊಳಗಿನ ಪೆಟ್ಟು ಬೀಳುತ್ತಿದ್ದದ್ದು ಕಾಲು ಎತ್ತಿದಾಗ.