ಪಲ್ಪರ್ ಎಂಜಿನ್ನಿಗೆ ಕುಲುಮೆಯ ತಿದಿ

ಎಂಜಿನ್ನಿನ ಮೂಗಿಗೆ ಕುಲುಮೆಯ ತಿದಿ ಕಟ್ಟಿದವನು ನಾನೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪಾಲಿಬೆಟ್ಟದಲ್ಲಿ ಯಾರನ್ನು ಕೇಳಿದರೂ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ ಕೊಡಗು ತನ್ನದೇ ಒಂದು ರಾಜ್ಯವಾಗಿದ್ದ ಆ ವರ್ಷಗಳಲ್ಲಿ ನಾನು ಅಲ್ಲಿನ ಒಂದು ಎಸ್ಟೇಟಿನಲ್ಲಿ ರೈಟರ್. ಹಾಜರಿ ಬರೆಯುವುದು ಕೆಲಸ, ಎಲ್ಲರ ಹಾಗೆ ಮಾತಾಡಿ ತೋರಿಸುವುದು ಚಟ. ತೋಟದ ದೊರೆಯ ಕೆಮ್ಮು, ಮೇಸ್ತ್ರಿಯ ಮಲಯಾಳ ಬೆರೆತ ಕನ್ನಡ, ಬೈಸಿಕೊಳ್ಳುವಾಗ ಹೊರಡುವ ನನ್ನದೇ ಕೀರಲು ದನಿ, ಎಲ್ಲ ಬರುತ್ತಿತ್ತು. ಸೈನ್ಯ ಬಿಟ್ಟು ಬಂದು ಎಸ್ಟೇಟಿನ ಎಂಜಿನ್ ನೋಡಿಕೊಳ್ಳುತ್ತಿದ್ದ ನಮ್ಮ ಫಿಟ್ಟರ ಯುದ್ಧದ ಕಥೆಗಳಂತೂ ಬಾಯಿಪಾಠ.

"ವಿಮಾನದ ಎಂಜಿನ್ ಉಂಟಲ್ಲ ರೈಟ್ರೇ, ಅದಕ್ಕೆ ಗಾಳಿ ಒತ್ತಿ ಕೊಡ್ತಾರೆ. ಎಂಜಿನ್ ಮೊದಲಿನಷ್ಟೇ ದೊಡ್ಡದು. ಗಾಳಿ ಎರಡರಷ್ಟು ತುಂಬಿದ್ರೆ ಎಣ್ಣೆ ಎರಡರಷ್ಟು ಉರೀತದೆ. ಹಾರ್ಸ್‌ಪವರ್ರೂ ಹತ್ತತ್ರ ಎರಡರಷ್ಟು."

ಹಣ್ಣು ಜೋರಾಗಿ ಬರುತ್ತಿದ್ದ ಒಂದು ದಿನ ಫಿಟ್ಟರು ಬೆಲ್ಟ್ ತರಲು ವಿರಾಜಪೇಟೆಗೆ ಹೋದರು. ಕಾಫಿ ಹಣ್ಣನ್ನು ಕುಯ್ದ ದಿನವೇ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಬೇಕು, ಇಟ್ಟರೆ ಹುಳಿಯುತ್ತದೆ. ಪಲ್ಪರ್ ತಿರುಗಿಸುವ ಎಂಜಿನ್ನೋ ಏದುಸಿರು ಬಿಡುತ್ತಿತ್ತು. ಕತ್ತಿ ಗುದ್ದಲಿ ಹದ ಮಾಡುವ ಕುಲುಮೆ ಪಕ್ಕದಲ್ಲೇ. ಕಾಲಲ್ಲಿ ತುಳಿದು ಬೆಂಕಿಗೆ ಗಾಳಿ ಊದುವ ಅಲ್ಲಿನ ತಿದಿ ತಂದೆ, ಎಂಜಿನ್ ಗಾಳಿ ಎಳೆಯುವ ಕೊಳವೆಗೆ ಅದರ ಬಾಯನ್ನು ಸೈಕಲ್ ಟ್ಯೂಬಿನಿಂದ ಬಿಗಿದೆ. ಸುತ್ತ ನಿಂತ ಆಳುಗಳಿಗೆ ಫಿಟ್ಟರ ದನಿಯಲ್ಲೇ "ನೋಡ್ತಿರಿ, ಈಗ ಎರಡರಷ್ಟು" ಎಂದು ಕಾಲಿಟ್ಟೆ.

ನಾನು ಒತ್ತುವ ಮೊದಲೇ ಎಂಜಿನ್ ತಿದಿಯನ್ನು ಹೀರಿ ರೊಟ್ಟಿಯಂತೆ ಚಪ್ಪಟೆ ಮಾಡಿತು. ಕರಿ ಹೊಗೆ ಕಾರಿ, ಎರಡು ಸಲ ಬಿಕ್ಕಿ, ನಿಂತೇಹೋಯಿತು. ತೊಟ್ಟಿ ತುಂಬ ಹಣ್ಣು. ತಿದಿಯಲ್ಲಿದ್ದ ಇದ್ದಿಲ ಪುಡಿ ಒಳಗೆ ಹೋಗಿದ್ದರೆ ಎಂಜಿನ್ ಕೆಟ್ಟಿತು, ಹಣ್ಣು ಹಾಳಾಯಿತು, ನನ್ನ ಕೆಲಸವೂ ಹೋಯಿತು. ಆಗ ಮಾತ್ರ ಯಾರ ದನಿಯೂ ನನಗೆ ಬರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಬಂದ ಫಿಟ್ಟರು ಬೈಯಲಿಲ್ಲ. ತಿದಿ ಕಿತ್ತರು, ಕೊಳವೆ ಬಿಚ್ಚಿ ಒಳಗೆ ಬೆರಳಾಡಿಸಿ ನೋಡಿದರು, ದೊಡ್ಡ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ ಕಿವಿಗೊಟ್ಟರು. ಆಮೇಲೆ ಹ್ಯಾಂಡಲ್ ಹೊಡೆದರು. ಟಕ್, ಟಕ್, ಟಕಟಕ. ನಾನು ಗೋಣಿಚೀಲದ ಮೇಲೆ ಕೂತುಬಿಟ್ಟೆ. ಅಷ್ಟು ಇಂಪಾದ ಸದ್ದನ್ನು ನಾನು ಈವರೆಗೂ ಅಣಕಿಸಿಲ್ಲ.

"ನೀವು ಒಂದು ಸಲ ಕಾಲೆತ್ತಿ ಇಡೋದ್ರೊಳಗೆ ಇದು ನಾಲ್ಕೈದು ಬಿಂದಿಗೆ ಗಾಳಿ ಎಳ್ದಿರ್ತದೆ," ಎಂದರು. "ಎಂಜಿನ್ ದೊಡ್ಡದಾದಷ್ಟೂ, ಜೋರಾಗಿ ತಿರುಗಿದಷ್ಟೂ ಗಾಳಿ ಜಾಸ್ತಿ ಬೇಕು. ಅದು ಎಳೆಯೋದಕ್ಕಿಂತ ಹೆಚ್ಚು ಕೊಟ್ರೆ ತಾನೇ ಒತ್ತಡ? ನೀವು ಮೂಗು ಹಿಡಿದ್ರಿ, ಅಷ್ಟೇ."

ಜೀವ ಬಂದಿತ್ತಲ್ಲ, ಬಾಯಿಯೂ ಬಂತು. "ಹಾಗಾದ್ರೆ ಅಣ್ಣ, ಇನ್ನೂ ದೊಡ್ಡ ತಿದಿ ಕಟ್ಟಿದ್ರೆ?"

ಫಿಟ್ಟರು ಕೈ ಒರೆಸಿಕೊಳ್ಳುತ್ತ ಹೇಳಿದರು: "ಅದನ್ನ ಒತ್ತೋಕೆ ಇನ್ನೊಂದು ಎಂಜಿನ್ ಬೇಕು ರೈಟ್ರೇ. ಅದು ಸಿಕ್ಕಿದ್ರೆ ಸೀದಾ ಪಲ್ಪರಿಗೇ ಕಟ್ಟುವ, ನಿಮ್ಮ ತಿದಿ ಯಾಕೆ?"